ಬೆಕ್ಕಿರಬೇಕ ಬಿಡು

ಸಾವಿರದ ಮುನ್ನೂರ ಹನ್ನೆರಡು ಕಂತು ಬರೆದೆ.
ಸುನಯನಾಳ ಹಾಲು ಉಕ್ಕಿಸಿದೆ, ಆರಿಸಿದೆ, ಮತ್ತೆ ಉಕ್ಕಿಸಿದೆ.
ಅತ್ತೆ ಹೊಸ್ತಿಲು ದಾಟುವುದಕ್ಕೆ ಒಂದು ವಾರ,
ಒಂದು ಕಪಾಳಕ್ಕೆ ಮೂರು ಕ್ಯಾಮೆರಾ, ಮೂರು ಗುಡುಗು.
ಗುರುವಾರ ರೇಟಿಂಗ್ ಬರುತ್ತಿತ್ತು,
ಶುಕ್ರವಾರ ಯಾರಾದರೊಬ್ಬರಿಗೆ ನೆನಪು ಹೋಗುತ್ತಿತ್ತು.

ಸೊಲ್ಲಾಪುರದ ಸಾಖರ್ ಪೇಟೆಯ ಮೂರನೇ ಮಾಳಿಗೆಯಲ್ಲಿ ಕೂತು
ಬೆಂಗಳೂರಿನ ಯಾವುದೋ ಮನೆಯ ಜಗಳ ಬರೆಯುತ್ತಿದ್ದೆ,
ಕೆಳಗೆ ಪವರ್‌ಲೂಮು ಖಟಕ್ ಖಟಕ್ ಎನ್ನುವಾಗ.
"ಮೇಡಂ, ಈ ಹಂಗ್ಯಾಕ, ಹೌದಿಲ್ಲೋ ಎಲ್ಲ ತೆಗೆದುಬಿಡಿ,
ಆ ಭಾಷೆ ಅಡುಗೆಯವಳ ಬಾಯಲ್ಲಿದ್ದರೆ ಸಾಕು"
ಎಂದು ಫೋನು.
ತೆಗೆದೆ.
ಅಡುಗೆಯವಳಿಗೆ ವಾರಕ್ಕೆ ಎರಡೇ ಮಾತು.

ಬಿಟ್ಟ ದಿನ ಯಾವ ಗುಡುಗೂ ಆಗಲಿಲ್ಲ.
ನನ್ನದೊಂದು ಮೇಲ್, ಅವರದೊಂದು ಹೆಬ್ಬೆರಳು.
ನನ್ನ ಜಾಗಕ್ಕೆ ಬಂದ ಹುಡುಗ
ಸುನಯನಾಳಿಗೊಬ್ಬ ಅವಳಿ ತಂಗಿಯನ್ನು ತಂದನಂತೆ.

ಈಗ ಪುಣೆಯ ಕಂಪನಿಯೊಂದಕ್ಕೆ ಆಟ ಬರೆಯುತ್ತೇನೆ.
ಒಂದು ಕೋಟೆ, ಒಂದು ಬಾವಿ,
ಕೀಲಿ ಕದಿಯಲು ಬಂದ ಒಬ್ಬ ಹುಡುಗಿ.
ಮೊದಲ ವಾರ ಹದಿನಾಲ್ಕು ಪುಟ ಸಂಭಾಷಣೆ ಕೊಟ್ಟೆ.
ತೇಜಸ್ ಘಾಟಗೆ, ನನ್ನ ಮಗನ ವಯಸ್ಸಿನವ,
ಓದಿ, ಕನ್ನಡಕ ಒರೆಸಿ, ಸಂಕೋಚದಿಂದ ಕೇಳಿದ:
"ಚೆನ್ನಾಗಿದೆ ತಾಈ.
ಆದರೆ ಆಡುವವರು ಬಾಗಿಲನ್ನೇ ತೆರೆಯದಿದ್ದರೆ?"

ತೆರೆಯದಿದ್ದರೆ!
ಹನ್ನೊಂದು ವರ್ಷ ನನ್ನ ಬಾಗಿಲು
ನಾನು ಹೇಳಿದಾಗ ತೆರೆದಿತ್ತು,
ಜಾಹೀರಾತು ಮುಗಿಯುವ ತನಕ ಅರೆಬರೆ ನಿಂತಿತ್ತು.
ಇಲ್ಲಿ ನನ್ನ ರಾಣಿ ಅಳುವಾಗ
ಯಾರೋ ಒಬ್ಬ ಅವಳ ಹಿಂದಿನ ಗೋಡೆಗೆ ಮೂತಿ ಹಚ್ಚಿ
ಜಿಗಿಯುತ್ತಾನೆ, ಜಿಗಿಯುತ್ತಲೇ ಇರುತ್ತಾನೆ.

ಕಾವಲುಗಾರನಿಗೆ ನಲವತ್ತು ಮಾತು ಬೇಕೆಂದರು,
ಕತ್ತಲಲ್ಲಿ ಸಪ್ಪಳ ಕೇಳಿದರೆ ಅನ್ನುವುದಕ್ಕೆ.
ಯಾರದು? ಬರೆದೆ.
ಯಾರಲ್ಲಿ? ಬರೆದೆ.
ಮೂರನೆಯದು ಬರಲಿಲ್ಲ.
ಕಿಟಕಿ ತೆರೆದೆ. ರಾತ್ರಿ ಪಾಳಿಯ ಮಲಕಣ್ಣ
ನರಸಯ್ಯನ ಜೊತೆ ಬೀಡಿ ಹಂಚಿಕೊಂಡು ಕೂತಿದ್ದ,
ಅರ್ಧ ಕನ್ನಡ, ಅರ್ಧ ತೆಲುಗು, ಬೈಗುಳಕ್ಕಷ್ಟೇ ಮರಾಠಿ.
ಓಣಿಯ ತುದಿಗೆ ಡಬ್ಬಿಯೊಂದು ಉರುಳಿತು.
"ಯಾಂವಲೇ ಅಂವ?"
"ಬೆಕ್ಕಿರಬೇಕ ಬಿಡು."

ಬೆಳಗಾಗುವಷ್ಟರಲ್ಲಿ ಐವತ್ತಾರು.
ಅಡುಗೆಯವಳು ಬಾಯಿತುಂಬ ಮಾತಾಡಿದಳು.

ಆದರೂ ಒಂದು ಸಂಕಟ.
ನೂರು ಬರೆದರೆ ಆಡುವವನ ಕಿವಿಗೆ ಬೀಳುವುದು ಹದಿನೇಳು.
ಅಪ್ಪ ಚಾದರದ ಕಾರಖಾನೆಯಲ್ಲಿ
ಜಕಾರ್ಡಿನ ರಟ್ಟಿಗೆ ತೂತು ಹೊಡೆಯುತ್ತಿದ್ದ,
ಒಂದು ನವಿಲಿಗೆ ಒಂಬೈನೂರು ರಟ್ಟು.
"ತೂತಿದ್ದಲ್ಲಿ ದಾರ ಏಳತದ, ಇಲ್ಲದಲ್ಲಿ ಮಲಗತದ."
ಮಲಗಿದ್ದು ಎಲ್ಲಿ ಹೋಗತದ ಅಪ್ಪಾ?
ಚಾದರ ಮಗುಚಿ ತೋರಿಸಿದ.
ಬೆನ್ನಿನಲ್ಲಿ ಅದೇ ನವಿಲು, ಬಣ್ಣ ಮಾತ್ರ ತಿರುಗಾಮುರುಗಾ.
ನನಗೆ ಹೊದೆಯಲು ಆ ಮಗ್ಗುಲೇ ಬೇಕಿತ್ತು.

ನಿನ್ನೆ ಅವ್ವನ ಕೈಗೆ ಕಂಟ್ರೋಲರ್ ಕೊಟ್ಟೆ.
ಏಳೂವರೆ, ಸುನಯನಾಳ ಹೊತ್ತು.
ಮುಖ ಊದಿಸಿಕೊಂಡೇ ಹಿಡಿದಳು.
"ಎತ್ತ ಹೋಗ್ಲಿ?"
"ನಿನ್ನ ಮನಸು."
"ನನ್ನ ಮನಸಾ?"
ಸೀರೆ ಅಂಗಡಿಯಲ್ಲಿ ರೇಟು ಕೇಳಿ ಬೆಚ್ಚಿದ ದನಿ.
ಕೀಲಿ ಕದಿಯಲಿಲ್ಲ. ಕೋಟೆ ಹತ್ತಲಿಲ್ಲ.
ಹುಡುಗಿಯನ್ನು ಬಾವಿಕಟ್ಟೆಗೆ ಒಯ್ದು ನಿಲ್ಲಿಸಿ
ನೀರು ನೋಡುತ್ತ ಕೂತಳು, ಅರ್ಧ ತಾಸು.
ಅದಕ್ಕೆ ನಾನು ಏನನ್ನೂ ಬರೆದಿರಲಿಲ್ಲ.

ಕಾವಲಿನವ ಬಂದ. ಕಂದೀಲು ಎತ್ತಿದ.
"ಬೆಕ್ಕಿರಬೇಕ ಬಿಡು" ಎಂದು ತಿರುಗಿದ.

ಅವ್ವ ಪರದೆಯತ್ತ ಬಾಗಿ
ಮೆಲ್ಲಗೆ ಅಂದಳು:
"ಬೆಕ್ಕಲ್ಲೋ ತಮ್ಮಾ, ನಾನ."